ಇಳಿವಯಸ್ಸಿನ ಸಂಗಾತಿ

ಏಕಾಂತವೂ ಒಂಟಿತನವೂ ಒಂದೇ ಅಲ್ಲ. ಏಕಾಂತವು ಮನುಷ್ಯನು ತಾನಾಗಿ ಆರಿಸಿಕೊಂಡದ್ದು. ಅಲ್ಲಿ ಬಾಗಿಲಿನ ಅಗುಳಿಯನ್ನು ಒಳಗಿನಿಂದ ಹಾಕಿರುತ್ತದೆ. ಒಂಟಿತನವು ಅವನ ಮೇಲೆ ಬಂದು ಬಿದ್ದದ್ದು. ಅಲ್ಲಿ ಬಾಗಿಲು ಹಗಲೆಲ್ಲ ತೆರೆದೇ ಇದ್ದರೂ ಹೊಸ್ತಿಲು ದಾಟಿ ಬರುವವರಿಲ್ಲ. ಇವೆರಡರ ಭೇದವನ್ನು ಮರೆತು, ವೃದ್ಧರ ಒಂಟಿತನಕ್ಕೆ ವೈರಾಗ್ಯವೆಂಬ ದೊಡ್ಡ ಹೆಸರನ್ನು ಕೊಟ್ಟು ಸುಮ್ಮನಾಗುವುದು ಲೋಕದ ವಾಡಿಕೆಯಾಗಿದೆ. ಈ ವಾಡಿಕೆಯು ನ್ಯಾಯವೆ ಎಂಬುದು ವಿಚಾರ ಮಾಡತಕ್ಕ ವಿಷಯ.

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರನ್ನು ದೃಷ್ಟಾಂತಕ್ಕಾಗಿ ತೆಗೆದುಕೊಳ್ಳಬಹುದು. ರಾಗಿಯ ಹೊಲ, ತೆಂಗಿನ ತೋಟ, ಹಿಪ್ಪುನೇರಳೆಯ ಸಾಲು ಇವುಗಳ ಸೀಮೆ ಅದು. ಬೆಂಗಳೂರು ದೂರವಿಲ್ಲ, ದೂರವಿಲ್ಲದ್ದರಿಂದಲೇ ಇಂತಹ ಊರುಗಳ ಮಕ್ಕಳು ಓದು ಮುಗಿದೊಡನೆ ಅಲ್ಲಿಗೆ ಹೊರಟುಹೋಗುತ್ತಾರೆ, ಕೆಲವರು ಅಲ್ಲಿಂದ ಸಮುದ್ರವನ್ನೂ ದಾಟುತ್ತಾರೆ. ಇಂತಹ ಊರಿನಲ್ಲಿ ಅರುವತ್ತೆಂಟು ವಯಸ್ಸಿನ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆಂದು ಭಾವಿಸಬಹುದು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿದೆ. ಮಗಳೂ ಮಗನೂ ಒಳ್ಳೆಯವರು; ಭಾನುವಾರ ತಪ್ಪದೆ ಮಾತನಾಡುತ್ತಾರೆ. ಮೊಮ್ಮಕ್ಕಳ ಮುಖವನ್ನು ದೊಡ್ಡದಾಗಿ ಕಾಣಲೆಂದು ಮಗನು ಒಂದು ಟ್ಯಾಬ್ಲೆಟ್ ತಂದುಕೊಟ್ಟಿದ್ದಾನೆ. ಸ್ಲೇಟಿನ ಅಳತೆಯ ಆ ಯಂತ್ರವನ್ನು ಅವರು ಸ್ಲೇಟಿನಂತೆಯೇ ತೊಡೆಯ ಮೇಲಿಟ್ಟುಕೊಂಡು ಕೂಡುತ್ತಾರೆ. ಒಂದು ರಾತ್ರಿ ಅದರ ಮೇಲೆ ಜಾಹೀರಾತೊಂದು ಮೂಡುತ್ತದೆ: ಹಿರಿಯರಿಗೆ ಜೊತೆಗಾರರು, ನೋಂದಣಿ ಉಚಿತ. ಉಪಾಧ್ಯಾಯರು ಅದನ್ನು ಒತ್ತುವ ಮೊದಲು ಒಮ್ಮೆ ಸುತ್ತಲೂ ನೋಡುತ್ತಾರೆ. ಮನೆಯಲ್ಲಿ ಯಾರೂ ಇಲ್ಲವೆಂಬುದೇ ಅವರ ಕಷ್ಟ; ಆದರೂ ಯಾರಾದರೂ ನೋಡಿಯಾರೆಂದು ಅವರಿಗೆ ಭಯ.

ಆ ಭಯವು ಎಲ್ಲಿಂದ ಬಂದಿತು? ಅದು ತಪ್ಪುಮಾಡುವವನ ಅಳುಕೋ, ಅಥವಾ ತಪ್ಪಿಲ್ಲದವನ ಮೇಲೆ ಲೋಕವು ಹೊರಿಸಿದ ನಾಚಿಕೆಯೋ? ಈ ಪ್ರಶ್ನೆ ಒಬ್ಬರದಲ್ಲ. 2011ರ ಜನಗಣತಿಯ ಕಾಲಕ್ಕೇ ಭಾರತದಲ್ಲಿ ಅರುವತ್ತು ವರ್ಷ ತುಂಬಿದವರು ಹತ್ತು ಕೋಟಿಗೆ ಮೇಲ್ಪಟ್ಟಿದ್ದರು. ಅಂತಹವರಲ್ಲಿ ಸಂಗಾತಿಯನ್ನು ಕಳೆದುಕೊಂಡವರು ಪುರುಷರಿಗಿಂತ ಸ್ತ್ರೀಯರೇ ಬಹಳ ಹೆಚ್ಚು. ಆ ಉಪಾಧ್ಯಾಯರ ಬೀದಿಯಲ್ಲಿಯೇ, ಅವರಂತೆಯೇ ಒಂಟಿಯಾಗಿ, ಆದರೆ ಅಂತಹ ಜಾಹೀರಾತನ್ನು ಕಂಡೊಡನೆ ಯಂತ್ರವನ್ನೇ ಮುಚ್ಚಿಡುವ ತಾಯಂದಿರು ಇರುವುದು ಅಸಂಭವವಲ್ಲ.

ಮೊದಲನೆಯ ಆಕ್ಷೇಪಣೆ ಧರ್ಮದ ಹೆಸರಿನಲ್ಲಿ ಬರುತ್ತದೆ. ವಯಸ್ಸು ಇಳಿದ ಮೇಲೆ ಮನಸ್ಸು ತ್ಯಾಗದ ಕಡೆಗೆ ತಿರುಗಬೇಕಲ್ಲದೆ ಸಂಬಂಧದ ಕಡೆಗಲ್ಲ ಎಂದು ಹಲವರು ಹೇಳುವರು. ಆದರೆ ವಾನಪ್ರಸ್ಥವನ್ನು ವಿಧಿಸಿದ ಮನುಸ್ಮೃತಿಯೇ, ಕಾಡಿಗೆ ಹೊರಡುವವನು ಹೆಂಡತಿಯನ್ನು ಮಕ್ಕಳ ವಶಕ್ಕೆ ಒಪ್ಪಿಸಿ ಹೋಗಬಹುದು, ಇಲ್ಲವೆ ಅವಳೊಡನೆಯೇ ಹೋಗಬಹುದು ಎಂದು ಎರಡು ದಾರಿಗಳನ್ನು ಇಟ್ಟಿದೆ. ಮನೆಯನ್ನು ಬಿಟ್ಟವನಿಗೂ ಜೊತೆಯು ನಿಷಿದ್ಧವಾಗಿರಲಿಲ್ಲ. ಪುರಾಣವು ಮುಪ್ಪಿನಲ್ಲಿ ದೋಷವೆಂದು ತೋರಿಸಿದ್ದು ಬೇರೆಯದನ್ನು. ಯಯಾತಿಯು ತನ್ನ ಮುಪ್ಪನ್ನು ಮಗನ ಮೇಲೆ ಹೊರಿಸಿ ಅವನ ಯೌವನವನ್ನು ಎರವಲು ಪಡೆದನು. ಅವನ ತಪ್ಪು ಮುಪ್ಪನ್ನು ಒಪ್ಪದಿರುವುದರಲ್ಲಿತ್ತು. ತನ್ನ ವಯಸ್ಸನ್ನು ತನ್ನದೆಂದು ಒಪ್ಪಿ, ಅದೇ ವಯಸ್ಸಿನ ಇನ್ನೊಬ್ಬರೊಡನೆ ಸಂಜೆಯ ಕಾಫಿಯನ್ನು ಹಂಚಿಕೊಳ್ಳಬೇಕೆಂದು ಆಶಿಸುವವನು ಯಯಾತಿಯ ಸಾಲಿಗೆ ಸೇರತಕ್ಕವನಲ್ಲ.

ಎರಡನೆಯ ಆಕ್ಷೇಪಣೆ ನಗೆಯ ರೂಪದಲ್ಲಿ ಬರುತ್ತದೆ. ಮುದುಕನ ಮದುವೆಯೆಂದರೆ ಕನ್ನಡ ನಾಡು ನಕ್ಕಿರುವುದುಂಟು, ಆ ನಗುವಿಗೆ ಸಕಾರಣವೂ ಉಂಟು. 1887ರಲ್ಲಿ ಸೂರಿ ವೆಂಕಟರಮಣ ಶಾಸ್ತ್ರಿಗಳು ರಚಿಸಿದ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ವು ಕನ್ಯಾವಿಕ್ರಯದ ಅನರ್ಥವನ್ನು ರಂಗದ ಮೇಲೆ ತಂದಿತು. ಅಕ್ಕೂರು ಆಗ ಸೇರಿದ್ದ ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಬಾಲ್ಯವಿವಾಹ ನಿರೋಧದ ಕಾನೂನು ಜಾರಿಗೆ ಬಂದಿತು. ಅದು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿದ್ದಲ್ಲದೆ, ಐವತ್ತು ವರ್ಷ ಮೀರಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ವರಿಸುವುದನ್ನೂ ಅಪರಾಧವೆಂದು ಸಾರಿತು. ಆ ನಾಟಕವೂ ಆ ಕಾನೂನೂ ಖಂಡಿಸಿದ್ದು ವಯಸ್ಸನ್ನಲ್ಲ, ಅಸಮಾನತೆಯನ್ನು. ಒಪ್ಪಿಗೆಯೆಂಬುದರ ಅರ್ಥವನ್ನೇ ತಿಳಿಯದ ಮಗುವನ್ನು ಹಣದ ಬಲದಿಂದ ಪಡೆಯುವುದನ್ನು ಅವು ಖಂಡಿಸಿದವು. ಇಬ್ಬರೂ ವಯಸ್ಸಾದವರಾಗಿ, ಇಬ್ಬರೂ ಬೇಡವೆನ್ನುವ ಸ್ವಾತಂತ್ರ್ಯವನ್ನು ಉಳ್ಳವರಾಗಿರುವಲ್ಲಿ ಆ ಖಂಡನೆಯು ನಿಲ್ಲುವುದಿಲ್ಲ.

ಆದರೆ ಆ ಹಳೆಯ ಪರೀಕ್ಷೆಯನ್ನು ಪೂರ್ಣವಾಗಿ ಮರೆಯುವುದೂ ಕ್ಷೇಮವಲ್ಲ. ‘ಸಂಗಾತಿ ಬೇಕು’ ಎನ್ನುವ ಪುರುಷನು, ತನಗೆ ಬೇಕಾಗಿರುವುದು ಹೊತ್ತಿಗೆ ಸರಿಯಾಗಿ ಮುದ್ದೆ ತೊಳಸಿ ಸಾರು ಬಡಿಸುವ ಕೈಯೋ, ರಾತ್ರಿ ಔಷಧಿ ಕೊಡುವ ದಾದಿಯೋ, ಅಥವಾ ಮಾತನಾಡುವ ಮನಸ್ಸೋ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಅಡಿಗೆಗೆ ಜನ ಬೇಕಾದರೆ ಸಂಬಳ ಕೊಟ್ಟು ಇರಿಸಿಕೊಳ್ಳುವುದೇ ಮರ್ಯಾದೆ. ಸಂಬಳವಿಲ್ಲದ ಆಳನ್ನು ಸಂಗಾತಿಯೆಂದು ಕರೆದರೆ, ಹುಡುಗಿಯನ್ನು ಕೊಂಡ ಮುದುಕನಿಗೂ ಅವನಿಗೂ ಇರುವ ಅಂತರವು ಲೋಕವು ತಿಳಿದಷ್ಟು ದೊಡ್ಡದಲ್ಲ.

ಸ್ತ್ರೀಯರ ಪಾಡು ಇನ್ನೂ ಕಠಿಣವಾದದ್ದು. 1856ರ ವಿಧವಾ ಪುನರ್ವಿವಾಹದ ಕಾನೂನೂ, 1899ರಲ್ಲಿ ಗುಲ್ವಾಡಿ ವೆಂಕಟರಾಯರು ಪ್ರಕಟಿಸಿದ ‘ಇಂದಿರಾಬಾಯಿ’ ಕಾದಂಬರಿಯೂ ಎಳೆಯ ವಿಧವೆಯ ಕಣ್ಣೀರನ್ನು ಒರೆಸಲು ಹೊರಟವು. ಅರುವತ್ತರ ವಿಧವೆಯನ್ನು ಕುರಿತು ಸುಧಾರಕರೂ ಹೆಚ್ಚಾಗಿ ಚಿಂತಿಸಲಿಲ್ಲ. ಗಂಡಸಿಗೆ ‘ಮನೆಗೊಬ್ಬಳು ಬೇಕಲ್ಲ’ ಎನ್ನುವ ನಾಲಗೆಯೇ ಹೆಂಗಸಿಗೆ ‘ಈ ವಯಸ್ಸಿನಲ್ಲಿ ಇದೇನು’ ಎನ್ನುತ್ತದೆ. ಹಾಗೆಂದು ಈ ಸೀಮೆಗೆ ಪುನರ್ವಿವಾಹವು ಹೊಸದೂ ಅಲ್ಲ. ಹಳೆಯ ಮೈಸೂರಿನ ಅನೇಕ ಜಾತಿಗಳಲ್ಲಿ ಕೂಡಿಕೆ, ಕೂಡಾವಳಿ, ಸೀರೆ ಉಡಿಕೆ ಎಂಬ ಹೆಸರುಗಳಿಂದ ವಿಧವೆಯ ಮರುಸಂಬಂಧವು ಬಳಕೆಯಲ್ಲಿದ್ದಿತು. ಆದರೆ ಅದು ಮದುವೆಯ ಸಡಗರದಿಂದ ನಡೆಯುತ್ತಿರಲಿಲ್ಲ. ಸಂಜೆಗತ್ತಲಲ್ಲಿ, ವಾದ್ಯವಿಲ್ಲದೆ, ಮುತ್ತೈದೆಯರು ದೂರವಿರಲು, ಒಂದು ಸೀರೆಯನ್ನು ಕೊಟ್ಟು ಮುಗಿಸುವುದು ರೂಢಿಯಾಗಿದ್ದಿತು. ಸಮಾಜವು ಒಪ್ಪಿಗೆಯನ್ನೇನೋ ಕೊಟ್ಟಿತು. ಬೆಳಕನ್ನು ಮಾತ್ರ ಕೊಡಲಿಲ್ಲ. ಇಂದು ರಾತ್ರಿ ದೀಪವಾರಿಸಿ, ಹೊದಿಕೆಯ ಮರೆಯಲ್ಲಿ ಟ್ಯಾಬ್ಲೆಟನ್ನು ನೋಡುವವರ ನಾಚಿಕೆಯೂ ಆ ಸಂಜೆಗತ್ತಲಿನ ಸಂತಾನವೇ ಸರಿ.

ಮೂರನೆಯದು ಮಡಿದ ಸಂಗಾತಿಗೆ ಸಲ್ಲಬೇಕಾದ ನಿಷ್ಠೆಯ ಪ್ರಶ್ನೆ. ಇದನ್ನು ಲಘುವಾಗಿ ಕಾಣಲಾಗದು. ನಲವತ್ತು ವರ್ಷ ಒಂದೇ ಸೂರಿನ ಕೆಳಗೆ ಬಾಳಿದವರ ಪಟವು ಗೋಡೆಯ ಮೇಲಿರುವಾಗ ಹೊಸಬರನ್ನು ಒಳಗೆ ಕರೆಯುವುದು ದ್ರೋಹದಂತೆ ತೋರುವುದು ಸಹಜ. ಆದರೆ ಇಳಿವಯಸ್ಸಿನಲ್ಲಿ ಜೊತೆಯಾಗುವವರು ಬಹುಮಟ್ಟಿಗೆ ಇಬ್ಬರೂ ಕಳೆದುಕೊಂಡವರು. ತನ್ನವಳ ಮಾತನ್ನು ಅವನೂ, ತನ್ನವನ ಮಾತನ್ನು ಅವಳೂ ಸಂಕೋಚವಿಲ್ಲದೆ ಎತ್ತಬಹುದಾದರೆ, ಮಡಿದವರು ಆ ಮನೆಯಲ್ಲಿ ಮೊದಲಿಗಿಂತ ಹೆಚ್ಚಾಗಿ ನೆನೆಯಲ್ಪಡುತ್ತಾರೆ. ಒಂಟಿ ಮನೆಯಲ್ಲಿ ಅವರ ಹೆಸರನ್ನು ಕೇಳುವವರಾದರೂ ಯಾರು? ಹಳೆಯ ಪಟವನ್ನು ಗೋಡೆಯಿಂದ ಇಳಿಸಬೇಕೆಂದು ಕೇಳುವ ಸಂಬಂಧವನ್ನು ತೊರೆಯಬೇಕು. ಅದಕ್ಕೆ ಹೂವು ಮುಡಿಸಬಲ್ಲ ಸಂಬಂಧವನ್ನು ಸಂಶಯಿಸಲು ಕಾರಣವಿಲ್ಲ.

ನಾಲ್ಕನೆಯ ಪ್ರಶ್ನೆ ಮಕ್ಕಳದು. ಅದನ್ನು ಸ್ವಾರ್ಥವೆಂದು ತಳ್ಳಿಬಿಡುವುದು ಅನ್ಯಾಯ. ಭಾರತಕಥೆಯಲ್ಲಿ ಶಂತನು ಮಹಾರಾಜನಿಗೆ ಬೆಳೆದ ಮಗನಿರುವಾಗ ಸತ್ಯವತಿಯಲ್ಲಿ ಮನಸ್ಸಾಯಿತು. ತನ್ನ ಮಗಳ ಮಗನಿಗೇ ರಾಜ್ಯವು ಸಲ್ಲಬೇಕೆಂದು ದಾಶರಾಜನು ಕೇಳಿದನು. ಇಂದಿನ ಮಕ್ಕಳ ಭಯವೂ ಇದೇ ಅಲ್ಲವೆ? ಆ ಕಥೆಯಲ್ಲಿ ಗಮನಿಸತಕ್ಕ ಸಂಗತಿ ಇನ್ನೊಂದಿದೆ. ಶಂತನು ತನ್ನ ಆಸೆಯನ್ನು ಮಗನಿಗೆ ಬಾಯಿಬಿಟ್ಟು ಹೇಳಲಿಲ್ಲ, ಒಳಗೊಳಗೇ ಕೊರಗಿದನು. ಮಗನು ಅನ್ಯರನ್ನು ವಿಚಾರಿಸಿ ತಿಳಿದುಕೊಳ್ಳಬೇಕಾಯಿತು; ತಂದೆಯ ಮೌನದ ಬೆಲೆಯನ್ನು ತನ್ನ ಇಡೀ ಬಾಳಿನಿಂದ ತೆರಬೇಕಾಯಿತು. ತಂದೆಮಕ್ಕಳು ಎದುರುಬದುರು ಕುಳಿತು ಮಾತನಾಡಿದ್ದರೆ ಅಷ್ಟು ಭೀಷಣವಾದ ಪ್ರತಿಜ್ಞೆಗೆ ಅವಕಾಶವಿರುತ್ತಿತ್ತೆ ಎಂದು ವಾಚಕರು ಯೋಚಿಸಬಹುದು.

ಇಂದಿನವರಿಗೆ ಪ್ರತಿಜ್ಞೆಯ ಅವಶ್ಯಕತೆಯಿಲ್ಲ, ಏಕೆಂದರೆ ಕಾನೂನು ಕೆಲವು ಸೌಕರ್ಯಗಳನ್ನು ಒದಗಿಸಿದೆ. 1955ರ ಹಿಂದೂ ವಿವಾಹ ಕಾನೂನಿನಲ್ಲಾಗಲಿ 1954ರ ವಿಶೇಷ ವಿವಾಹ ಕಾನೂನಿನಲ್ಲಾಗಲಿ ಮದುವೆಗೆ ಕನಿಷ್ಠ ವಯಸ್ಸುಂಟು, ಗರಿಷ್ಠ ವಯಸ್ಸಿಲ್ಲ. 1856ರ ಕಾನೂನು ಮರುಮದುವೆಯಾದ ವಿಧವೆಯಿಂದ ಮೊದಲ ಗಂಡನ ಆಸ್ತಿಯ ಹಕ್ಕನ್ನು ಕಸಿದುಕೊಂಡಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾನೂನಿನ ತರುವಾಯ ಅವಳಿಗೆ ಒಮ್ಮೆ ಬಂದ ಪಾಲು ಅವಳದೇ ಆಗಿ ಉಳಿಯುತ್ತದೆ. ಹಿಂದೂ ಪುರುಷನು ಉಯಿಲು ಬರೆಯದೆ ತೀರಿಕೊಂಡರೆ ಹೊಸ ಹೆಂಡತಿಯೂ ಮಕ್ಕಳೊಡನೆ ಸಮಭಾಗಿಯಾಗುವಳು. ಆದುದರಿಂದ ಯಾರಿಗೆ ಮನೆ, ಯಾರಿಗೆ ತೋಟ, ಉಳಿದವರಿಗೆ ಬಾಳುವವರೆಗೆ ವಾಸಕ್ಕೆ ಏನು ಎಂಬುದನ್ನು ಮೊದಲೇ ಉಯಿಲಿನಲ್ಲಿ ಬರೆದಿಟ್ಟು ಎಲ್ಲರಿಗೂ ತಿಳಿಸುವುದು ಒಳಿತು. ಸರ್ಕಾರದ ಕುಟುಂಬ ಪಿಂಚಣಿಯು ಸಾಮಾನ್ಯವಾಗಿ ಮರುಮದುವೆಯಿಂದ ನಿಂತುಹೋಗುತ್ತದೆಂಬುದನ್ನೂ ವಿಧವೆಯಾದವಳು ಮೊದಲೇ ತಿಳಿದಿರಬೇಕು. ಈ ಕಾರಣದಿಂದಲೇ ಕೆಲವರು ಮದುವೆಯಿಲ್ಲದೆ ಜೊತೆಯಾಗಿರಲು ನಿಶ್ಚಯಿಸುತ್ತಾರೆ. 2005ರ ಕೌಟುಂಬಿಕ ಹಿಂಸೆಯ ವಿರುದ್ಧದ ಕಾನೂನು ಮದುವೆಯನ್ನು ಹೋಲುವ ಸಂಬಂಧದಲ್ಲಿರುವ ಸ್ತ್ರೀಗೂ ರಕ್ಷಣೆಯನ್ನು ಕೊಡುತ್ತದೆ. ಆದರೂ ಉಯಿಲಿಲ್ಲದಿದ್ದರೆ ಅಂತಹವಳು ಸಂಗಾತಿಯ ಮರಣಾನಂತರ ಬೀದಿಗೆ ಬೀಳುವ ಭಯವುಂಟು.

ಹೀಗೆ ಆಸೆಯು ನಿರ್ದೋಷವೆಂದು ತೀರ್ಮಾನವಾದರೂ, ಅದಕ್ಕೆ ಹಿಡಿಯುವ ದಾರಿಯು ನಿರ್ದೋಷವೆಂದು ಸಿದ್ಧವಾದಂತಾಗಲಿಲ್ಲ. ಗುಜರಾತಿನಲ್ಲಿ 2001ರ ಭೂಕಂಪದ ತರುವಾಯ ಅಹಮದಾಬಾದಿನ ನಾತುಭಾಯಿ ಪಟೇಲರು ಒಂಟಿಯಾದ ಹಿರಿಯರಿಗಾಗಿ ಸಮಾವೇಶಗಳನ್ನು ಏರ್ಪಡಿಸತೊಡಗಿದರು. ಅವರ ಸಂಸ್ಥೆಯ ಹೆಸರು ‘ವಿನಾ ಮೂಲ್ಯ ಅಮೂಲ್ಯ ಸೇವಾ’. ಬೆಲೆಯಿಲ್ಲದ ಅಮೂಲ್ಯ ಸೇವೆಯೆಂಬ ಆ ಹೆಸರು ಇಲ್ಲಿ ಬಹಳ ಪ್ರಸಕ್ತವಾದದ್ದು. ಅಂತಹ ಸಭೆಯಲ್ಲಿ ಹತ್ತು ಜನರ ನಡುವೆ, ಹಗಲು ಹೊತ್ತಿನಲ್ಲಿ, ಒಬ್ಬರನ್ನೊಬ್ಬರು ನೋಡಿ ಮಾತನಾಡುತ್ತಾರೆ. ಜಾಲತಾಣದ ‘ಉಚಿತ’ವು ಬೇರೆ ಬಗೆಯದು. ಅನೇಕ ವಿವಾಹ ಜಾಲತಾಣಗಳಲ್ಲಿ ಹೆಸರು ಬರೆಸುವುದೂ ಚಿತ್ರಗಳನ್ನು ನೋಡುವುದೂ ಉಚಿತ. ಎದುರಿನವರ ದೂರವಾಣಿ ಸಂಖ್ಯೆ ಬೇಕಾದಾಗ ಹಣ ತೆರಬೇಕು. ಉಚಿತವಾದದ್ದು ಜಗುಲಿ ಮಾತ್ರ, ನಡುಮನೆಗೆ ಬಾಡಿಗೆ. ಇದರಲ್ಲಿ ಮೋಸವೇನೂ ಇಲ್ಲ, ಬೆಲೆಯನ್ನು ಮೊದಲೇ ತಿಳಿದಿದ್ದರೆ ಸಾಕು. ಪೂರ್ತಿಯಾಗಿ ಉಚಿತವೆನ್ನುವ ತಾಣಗಳಾದರೋ ಜಾಹೀರಾತಿನಿಂದಲೂ, ಬಳಸುವವರ ವಯಸ್ಸು, ಊರು, ಅಭಿರುಚಿಗಳ ವಿವರದಿಂದಲೂ ತಮ್ಮ ವೆಚ್ಚವನ್ನು ಹುಟ್ಟಿಸಿಕೊಳ್ಳಬೇಕಾಗುತ್ತದೆ. ಅಲ್ಲಿ ಗಿರಾಕಿಯೆಂದು ತಿಳಿದು ಹೋದವನು ಸರಕಾಗಿಯೂ ಕುಳಿತಿರುತ್ತಾನೆ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುವುದು. ಅಲ್ಲಿ ಹರಾಜು ಈಗ ವಿದ್ಯುನ್ಮಾನ ಯಂತ್ರದ ಮೂಲಕ ನಡೆಯುತ್ತದೆ. ತೂಕವು ಎಲ್ಲರ ಕಣ್ಣೆದುರಿನದು, ಮಾರುಕಟ್ಟೆಯು ಸರ್ಕಾರದ್ದು. ಆದರೂ ನೂಲು ಬಿಚ್ಚುವವನು ಗೂಡನ್ನು ಕೈಗೆ ತೆಗೆದುಕೊಂಡು, ಒತ್ತಿ ನೋಡಿಯೇ ಬೆಲೆ ಕೂಗುತ್ತಾನೆ. ಒಂದು ಬುಟ್ಟಿ ಗೂಡಿಗೆ ಇಷ್ಟು ಎಚ್ಚರವಿರುವಲ್ಲಿ, ಉಳಿದ ಬಾಳಿಗೆಲ್ಲ ಜೊತೆಯನ್ನು ಅರಸುವವರು ಗಾಜಿನ ಮೇಲಿನ ಚಿತ್ರವನ್ನು ಕಂಡು ಮನಸ್ಸನ್ನು ಒಪ್ಪಿಸಬಹುದೆ? ಹಿಂದಿನ ಮದುವೆ ದಲ್ಲಾಳಿಯು ಎರಡು ಸುಳ್ಳನ್ನು ಸೇರಿಸಿದರೂ ಮರುವರ್ಷ ಅದೇ ಊರಿಗೆ ಮತ್ತೆ ಬರಬೇಕಾದವನು. ಜಾಲದ ಆಚೆಗಿರುವವನಿಗೆ ಆ ಬಂಧನವಿಲ್ಲ.

ವಂಚಕರ ಕ್ರಮವು ಬಹುಮಟ್ಟಿಗೆ ಒಂದೇ. ಕೆಲವು ವಾರ ಪ್ರತಿದಿನವೂ ಸವಿಮಾತು. ತಾನು ವಿದೇಶದಲ್ಲಿರುವ ವೈದ್ಯನೆಂದೋ ಇಂಜಿನಿಯರ್ ಎಂದೋ ಪರಿಚಯ. ಎದುರೆದುರು ಭೇಟಿಗೆ ಸದಾ ಒಂದು ಅಡ್ಡಿ. ಆಮೇಲೆ ಒಂದು ಉಡುಗೊರೆಯನ್ನು ಕಳುಹಿಸಿರುವೆನೆಂದು ಹೇಳುವುದು. ಅದು ಸುಂಕದ ಕಟ್ಟೆಯಲ್ಲಿ ಸಿಕ್ಕಿದೆ, ಬಿಡಿಸಲು ಹಣ ಕಟ್ಟಬೇಕೆಂದು ಮತ್ತೊಬ್ಬರಿಂದ ಕರೆ ಬರುವುದು. ಒಮ್ಮೆ ಕೊಟ್ಟವರನ್ನು ಎರಡನೆಯ ಬಾರಿ ಕೇಳುವುದು ಸುಲಭ. ಹಣ ಕಳೆದುಕೊಂಡವರು ಕೂಡಲೇ 1930 ಎಂಬ ಸಹಾಯವಾಣಿಗೆ ತಿಳಿಸಿದರೆ ಅದನ್ನು ತಡೆಹಿಡಿಯುವ ಸಾಧ್ಯತೆಯುಂಟು. ಆದರೆ ಹೇಳುವುದಾದರೂ ಹೇಗೆ? ‘ಈ ವಯಸ್ಸಿನಲ್ಲಿ ಇದೇನು’ ಎಂದಾರೆಂಬ ಭಯವು ಬಾಯನ್ನು ಕಟ್ಟಿಹಾಕುತ್ತದೆ. ವಂಚಕನ ನಿಜವಾದ ಬಂಡವಾಳವು ಆ ಭಯವೇ. ಲೋಕವು ತನ್ನ ಹಿರಿಯರನ್ನು ನೋಡಿ ನಗುವ ಪ್ರತಿಯೊಂದು ನಗೆಯೂ ಅವನಿಗೆ ಬಡ್ಡಿಯಿಲ್ಲದ ಸಾಲ.

ಹೀಗಿರಲು ತಾಣವನ್ನು ಆರಿಸುವವರು ಕೆಲವು ವಿಷಯಗಳನ್ನು ನೋಡಿಕೊಳ್ಳಬೇಕು. ವಿವಾಹ ಜಾಲತಾಣಗಳು ನೋಂದಾಯಿಸುವವರ ಗುರುತಿನ ಪತ್ರವನ್ನು ಪಡೆಯಬೇಕೆಂದೂ, ತಾವು ಡೇಟಿಂಗ್ ತಾಣಗಳಲ್ಲವೆಂದು ಸ್ಪಷ್ಟವಾಗಿ ಸಾರಬೇಕೆಂದೂ ಕೇಂದ್ರ ಸರ್ಕಾರವು 2016ರಲ್ಲಿ ಸೂಚನೆಯನ್ನು ಹೊರಡಿಸಿದೆ. ದೂರುಗಳನ್ನು ಕೇಳುವ ಅಧಿಕಾರಿಯ ಹೆಸರನ್ನೂ ಸಂಪರ್ಕದ ವಿವರವನ್ನೂ ಪ್ರಕಟಿಸಬೇಕೆಂದು 2021ರ ನಿಯಮಗಳು ಹೇಳುತ್ತವೆ. ಈ ಹೆಸರು ಕಾಣದ ತಾಣವನ್ನು ಅಲ್ಲಿಗೇ ಬಿಡುವುದು ಲೇಸು. ಹೆಸರನ್ನು ಅಳಿಸಿಕೊಂಡು ಹೊರಗೆ ಬರುವ ದಾರಿ ಎಲ್ಲಿದೆಯೆಂದು ಒಳಗೆ ಹೋಗುವ ಮೊದಲೇ ಹುಡುಕಬೇಕು. ಟ್ಯಾಬ್ಲೆಟಿನಲ್ಲಿ ಅಕ್ಷರವನ್ನು ಹಿರಿದಾಗಿಸಿಕೊಂಡು ಷರತ್ತುಗಳನ್ನು ನಿಧಾನವಾಗಿ ಓದಬಹುದು. ಆ ಯಂತ್ರದ ಗುಣವೇ ಅದು. ಬ್ಯಾಂಕಿನ ವ್ಯವಹಾರವನ್ನು ಮಾತ್ರ ಅದೇ ಯಂತ್ರದಲ್ಲಿ ಇರಿಸದಿರುವುದು ಕ್ಷೇಮ. ಒಟಿಪಿಯನ್ನು ಯಾರಿಗೂ ಹೇಳಕೂಡದು. ಅಪರಿಚಿತರ ಮಾತಿನಂತೆ ಯಾವ ಆ್ಯಪನ್ನೂ ಹಾಕಿಕೊಳ್ಳಕೂಡದು. ಮಾತು ಮುಂದುವರಿದರೆ ಹಗಲಿನಲ್ಲಿ, ನಾಲ್ಕು ಜನರು ಓಡಾಡುವ ಸ್ಥಳದಲ್ಲಿ, ತಮ್ಮವರೊಬ್ಬರೊಡನೆ ಭೇಟಿಯಾಗಬೇಕು. ಮದುವೆಯ ಮಾತು ಬಂದಾಗ ಹಿಂದಿನ ಸಂಗಾತಿಯ ಮರಣಪತ್ರವನ್ನೋ ವಿಚ್ಛೇದನದ ತೀರ್ಪನ್ನೋ ಇಬ್ಬರೂ ಒಬ್ಬರಿಗೊಬ್ಬರು ತೋರಿಸುವುದು ಅವಮಾನವಲ್ಲ, ಮರ್ಯಾದೆ.

ಈ ಎಲ್ಲ ಎಚ್ಚರಿಕೆಗಳನ್ನೂ ಒಂದೇ ಪ್ರಶ್ನೆಯಲ್ಲಿ ಅಡಗಿಸಬಹುದು: ಈ ತಾಣವನ್ನೂ ಈ ಮಾತುಕತೆಯನ್ನೂ ಮಗಳಿಗೆ ತೋರಿಸಬಹುದೆ? ತೋರಿಸಬಹುದಾದದ್ದು ಬಹುಮಟ್ಟಿಗೆ ಸುರಕ್ಷಿತ. ತೋರಿಸಲಾಗದ್ದರಲ್ಲಿ ಏನೋ ಒಂದು ದೋಷವುಂಟು. ಆ ದೋಷವು ತಾಣದಲ್ಲಿರಬಹುದು, ತಂದೆಯ ಮನಸ್ಸಿನಲ್ಲಿರಬಹುದು, ಅಥವಾ ಮಗಳ ಕಿವಿಯಲ್ಲಿರಬಹುದು. ಮೊದಲಿನ ಎರಡನ್ನು ತಂದೆಯು ತಿದ್ದಿಕೊಳ್ಳಬೇಕು. ಮೂರನೆಯದನ್ನು ಮಕ್ಕಳು ತಿದ್ದಿಕೊಳ್ಳಬೇಕು. ಯಂತ್ರವನ್ನು ತಂದುಕೊಟ್ಟ ಮಾತ್ರಕ್ಕೆ ಮಗನ ಕರ್ತವ್ಯವು ತೀರುವುದಿಲ್ಲ. ಭಾನುವಾರದ ಕರೆಯಲ್ಲಿ ‘ಊಟವಾಯಿತೆ, ಮಾತ್ರೆ ತೆಗೆದುಕೊಂಡಿರಾ’ ಎಂದು ಕೇಳುವವನು, ‘ಅಪ್ಪಾ, ಸಂಜೆ ಯಾರೊಡನೆ ಮಾತನಾಡುತ್ತೀರಿ’ ಎಂದೂ ಕೇಳಬೇಕು.

ಅಕ್ಕೂರಿನ ಆ ಉಪಾಧ್ಯಾಯರು ಹಾಗೆ ಕೇಳಿದ ಮಕ್ಕಳೊಡನೆ ಕುಳಿತು, ಎಲ್ಲವನ್ನೂ ತೂಗಿ ನೋಡಿ, ಒಬ್ಬ ಸಂಗಾತಿಯನ್ನು ಅರಸಲು ನಿಶ್ಚಯಿಸಬಹುದು. ಅಥವಾ, ಪಟದಲ್ಲಿರುವವಳ ನೆನಪೇ ತನಗೆ ಸಾಕೆಂದು ನಿಶ್ಚಯಿಸಲೂಬಹುದು. ಎರಡೂ ಗೌರವಕ್ಕೆ ಅರ್ಹವಾದ ನಿರ್ಣಯಗಳೇ. ಎರಡನೆಯದನ್ನು ಅವರು ತಾವಾಗಿ ಆರಿಸಿಕೊಂಡ ದಿನ, ಮನೆಯು ಮೊದಲಿನಂತೆಯೇ ಬರಿದಾಗಿದ್ದರೂ, ಅಲ್ಲಿರುವುದು ಒಂಟಿತನವಲ್ಲ, ಏಕಾಂತ. ಬಾಗಿಲಿನ ಅಗುಳಿಯು ಅವರ ಕೈಯಲ್ಲಿರುತ್ತದೆ; ಅದನ್ನು ತೆಗೆಯಬೇಕೆನಿಸಿದ ದಿನ, ಸುತ್ತಲೂ ನೋಡದೆ ತೆಗೆಯಬಹುದು.